ಗಾಡಿಮನೆಯಲ್ಲಿ ಕೂಸಿಗೆ ಜಾಗ ಎಲ್ಲಿ?

ವಾಹನ ಸಾಲದ ಕಾಗದಪತ್ರ ನೋಡುತ್ತಲೇ ವರ್ಷಗಳನ್ನು ಕಳೆದವನಿಗೆ ಕೆಲವು ಕಾಲಂಗಳು ಕಣ್ಣಿಗೆ ಅಂಟಿಕೊಂಡುಬಿಡುತ್ತವೆ. ವಾಹನ ನೋಂದಣಿಯ ವಿವರದಲ್ಲಿ ‘ಸೀಟಿಂಗ್ ಕೆಪ್ಯಾಸಿಟಿ’ ಅಂತ ಒಂದು ಕಾಲಂ, ‘ಸ್ಲೀಪರ್ ಕೆಪ್ಯಾಸಿಟಿ’ ಅಂತ ಇನ್ನೊಂದು. ಸಾಧಾರಣ ಕಾರಿಗೆ ಮೊದಲನೆಯದರಲ್ಲಿ 5, ಎರಡನೆಯದರಲ್ಲಿ ಸೊನ್ನೆ. ಮುಂಬಯಿಯಿಂದ ಹುಬ್ಬಳ್ಳಿಗೆ ರಾತ್ರಿಯಿಡೀ ಓಡುವ ಸ್ಲೀಪರ್ ಬಸ್ಸಿಗೆ ಎರಡನೆಯ ಕಾಲಂನಲ್ಲೇ ಜೀವ. ಅಂದರೆ ಕೂರುವ ಲೆಕ್ಕ ಬೇರೆ, ಮಲಗುವ ಲೆಕ್ಕ ಬೇರೆ. ನೋಡುವುದಕ್ಕೆ ಸಣ್ಣ ಸಂಗತಿ. ಆದರೆ ಈ ಎರಡು ಲೆಕ್ಕಗಳನ್ನು ಬೇರೆ ಮಾಡಿ ನೋಡುವುದಕ್ಕೆ ಯುರೋಪಿನ ಬುದ್ಧಿವಂತರು ನೂರು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡರು, ಅದೂ ಮನೆಯ ಅತಿ ಚಿಕ್ಕ ಸದಸ್ಯರ ವಿಷಯದಲ್ಲಿ, ಅಂದರೆ ನಂಬುತ್ತೀರಾ?

ನಾನು ಹೇಳಹೊರಟಿರುವುದು ಕ್ಯಾಂಪರ್‌ವ್ಯಾನ್ ಬಗ್ಗೆ. ಅದೇ, ವ್ಯಾನಿನೊಳಗೇ ಹಾಸಿಗೆ, ಒಲೆ, ನೀರಿನ ತೊಟ್ಟಿ, ಪುಟ್ಟ ಕಪಾಟು ಎಲ್ಲ ಕೂರಿಸಿಕೊಂಡು ಹೋದಲ್ಲೇ ಮನೆ ಮಾಡುವ ಗಾಡಿ. ಈಗ ನಮ್ಮವರ ಮಕ್ಕಳು ಇಂಗ್ಲೆಂಡು, ಜರ್ಮನಿ, ಹಾಲೆಂಡು ಅಂತ ಹೋಗಿ ನೆಲೆಸಿದ್ದಾರಲ್ಲ, ರಜೆ ಬಂದರೆ ಒಂದು ವಾರ ಇಂಥ ವ್ಯಾನ್ ಬಾಡಿಗೆಗೆ ಹಿಡಿದು ತಿರುಗುತ್ತಾರೆ. ವಾಟ್ಸಾಪಿನಲ್ಲಿ ಬರುವ ಫೋಟೋದಲ್ಲಿ ಹಸಿರು ಹುಲ್ಲು, ಬಣ್ಣದ ವ್ಯಾನು, ಮಡಿಸುವ ಕುರ್ಚಿ ಎಲ್ಲ ಕಾಣುತ್ತದೆ. ನನಗೆ ಮಾತ್ರ ಒಂದೇ ಪ್ರಶ್ನೆ. ಇಷ್ಟು ಚಿಕ್ಕ ಡಬ್ಬಿಯೊಳಗೆ ಕೂಸನ್ನು ಎಲ್ಲಿ ಮಲಗಿಸುತ್ತಾರೆ?

ಈ ಪ್ರಶ್ನೆ ಹಿಡಿದು ಹಿಂದಕ್ಕೆ ಹೋದರೆ ಒಳ್ಳೆಯ ಕಥೆಯೇ ಸಿಗುತ್ತದೆ. ಬನ್ನಿ, ಎಂಜಿನ್ ಇಲ್ಲದ ಕಾಲದಿಂದಲೇ ಹೊರಡೋಣ.

ಬ್ರಿಟನ್ನಿನಲ್ಲಿ ಅಲೆಮಾರಿ ಬದುಕು ನಡೆಸಿದ ರೋಮಾನಿ ಜನರ ಹೆಸರು ಕೇಳಿದ್ದೀರಿ. ಅವರ ಭಾಷೆಯ ಬೇರು ನಮ್ಮ ಉತ್ತರ ಭಾರತದ್ದು. ಇವತ್ತಿಗೂ ನೀರಿಗೆ ‘ಪಾನಿ’, ಮೂಗಿಗೆ ‘ನಾಕ್’ ಅನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಅವರು ಹೆಚ್ಚಾಗಿ ಡೇರೆಗಳಲ್ಲೇ ಮಲಗುತ್ತಿದ್ದರು. ಆಮೇಲೆ ಕುದುರೆ ಎಳೆಯುವ ಮರದ ಮನೆ ಬಂತು. ಅದರ ಹೆಸರು ವಾರ್ಡೋ. ರೆಡಿಂಗ್ ಎಂಬ ಊರಿನ ಡಂಟನ್ ಎಂಬ ಮನೆತನದವರು ಕಟ್ಟುತ್ತಿದ್ದ ವಾರ್ಡೋಗಳು ಬಹಳ ಹೆಸರಾಗಿದ್ದವು. ಸುಮಾರು ಹತ್ತು ಅಡಿ ಉದ್ದದ ಒಂದೇ ಕೋಣೆ. ಬಾಗಿಲು ದಾಟಿ ಒಳಗೆ ಹೋದರೆ ಎಡಕ್ಕೆ ಕಬ್ಬಿಣದ ಒಲೆ. ಹೊಗೆಕೊಳವೆ ರಸ್ತೆಬದಿಯ ಮರದ ಕೊಂಬೆಗೆ ತಗುಲದಿರಲಿ ಅಂತ ಒಲೆಗೆ ಆ ಜಾಗ. ಕಟ್ಟಿದವರ ತಲೆ ನೋಡಿ! ಹಿಂಭಾಗದಲ್ಲಿ ಗೋಡೆಯಿಂದ ಗೋಡೆಗೆ ಅಡ್ಡಲಾಗಿ ಎತ್ತರದ ಮಂಚ. ಅದು ಗಂಡ ಹೆಂಡತಿಗೆ.

ಮಕ್ಕಳಿಗೆ? ಆ ಮಂಚದ ಕೆಳಗೆ. ಮಂಚದ ಅಡಿಯ ಜಾಗಕ್ಕೆ ಕಪಾಟಿನ ಹಾಗೆ ಬಾಗಿಲು ಇರುತ್ತಿತ್ತು. ಹಗಲು ಹಾಸಿಗೆ ಹೊದಿಕೆ ತುರುಕುವ ಜಾಗ, ರಾತ್ರಿ ಮಕ್ಕಳ ಮಲಗುವ ಮನೆ. ಬೇಸಿಗೆಯಲ್ಲಿ ಹೊರಗೆ ಡೇರೆ ಹಾಕಿ ಅಲ್ಲಿ ಮಲಗುವುದೂ ಇತ್ತು. ಚಳಿಗಾಲದಲ್ಲಿ ಮಾತ್ರ ಮಂಚದಡಿಯ ಗೂಡೇ ಗತಿ.

ಇದನ್ನು ಓದಿದಾಗ ಮುಂಬಯಿಯ ಹಳಬರಿಗೆ ನಗು ಬರಬೇಕು. 1991ರಲ್ಲಿ ನೌಕರಿ ಸಿಕ್ಕಿ ಬೈಲಹೊಂಗಲದಿಂದ ಇಲ್ಲಿಗೆ ಬಂದಾಗ ನಾನು ಮೊದಲ ಎಂಟು ತಿಂಗಳು ಸೋದರಮಾವನ ಮನೆಯಲ್ಲಿದ್ದೆ. ಚಾಳಿನ ಒಂದೇ ಖೋಲಿ, ಹತ್ತಕ್ಕೆ ಹನ್ನೆರಡು ಅಡಿ. ಮಂಚದ ನಾಲ್ಕು ಕಾಲಿಗೂ ಎರಡೆರಡು ಇಟ್ಟಿಗೆ ಕೊಟ್ಟು ಎತ್ತರಿಸಿದ್ದರು. ಮೇಲೆ ಮಾವ ಅತ್ತೆ, ಕೆಳಗೆ ಅವರ ಇಬ್ಬರು ಮಕ್ಕಳು, ಬಾಗಿಲ ಹೊರಗಿನ ಓಣಿಯಲ್ಲಿ ನಾನು. ರೆಡಿಂಗಿನ ಬಡಗಿಗೂ ಪರಳಿನ ಚಾಳಿನ ನಮ್ಮ ಮಾವನಿಗೂ ಯಾರೂ ಪಾಠ ಹೇಳಿಕೊಟ್ಟಿರಲಿಲ್ಲ. ಜಾಗ ಕಡಿಮೆ ಇದ್ದಲ್ಲಿ ಎಲ್ಲರಿಗೂ ಹೊಳೆಯುವ ಉತ್ತರ ಒಂದೇ. ದೊಡ್ಡವರಿಗೆ ಹಾಸಿಗೆ, ಉಳಿದ ಜಾಗದಲ್ಲಿ ಮಕ್ಕಳು.

ಈ ‘ಉಳಿದ ಜಾಗ’ ಅನ್ನುವ ಮಾತನ್ನು ನೆನಪಿಟ್ಟುಕೊಳ್ಳಿ. ಗಾಡಿಮನೆಯ ಇಡೀ ಇತಿಹಾಸದಲ್ಲಿ ಮಗುವಿಗೆ ಸಿಕ್ಕಿದ್ದು ಬಹುಮಟ್ಟಿಗೆ ಅದೇ. ಉಳಿದ ಜಾಗ ಯಾವುದು ಅನ್ನುವುದು ಮಾತ್ರ ಕಾಲಕಾಲಕ್ಕೆ ಬದಲಾಯಿತು. ಮೊದಲು ಕೆಳಗೆ, ಆಮೇಲೆ ಮುಂದೆ, ಆಮೇಲೆ ಮೇಲೆ.

ಬಡವರ ಅನಿವಾರ್ಯವಾಗಿದ್ದ ಗಾಡಿಮನೆಯನ್ನು ಸಿರಿವಂತರ ಹವ್ಯಾಸ ಮಾಡಿದವರಲ್ಲಿ ಮೊದಲಿಗರು ಡಾ. ಗಾರ್ಡನ್ ಸ್ಟೇಬಲ್ಸ್. ಸ್ಕಾಟ್ಲೆಂಡಿನವರು, ನೌಕಾಪಡೆಯಲ್ಲಿ ವೈದ್ಯರಾಗಿದ್ದವರು, ಹುಡುಗರಿಗಾಗಿ ಸಾಹಸದ ಕಥೆಗಳನ್ನು ಬರೆದು ಪ್ರಸಿದ್ಧರಾದವರು. 1885ರಲ್ಲಿ ಬ್ರಿಸ್ಟಲ್ ವ್ಯಾಗನ್ ವರ್ಕ್ಸ್‌ನಲ್ಲಿ ‘ವಾಂಡರರ್’ ಎಂಬ ಗಾಡಿ ಕಟ್ಟಿಸಿಕೊಂಡು, ಎರಡು ಕುದುರೆ ಹೂಡಿ, ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋದರು. ಗಾಡಿಯಲ್ಲಿ ಪುಸ್ತಕದ ಕಪಾಟೂ ಇತ್ತು. ಜೊತೆಗೆ ಹೋದವರು ಒಬ್ಬ ಸೇವಕ, ಒಬ್ಬ ಗಾಡಿ ಹೊಡೆಯುವವನು, ಒಂದು ದೊಡ್ಡ ನಾಯಿ, ಒಂದು ಗಿಳಿ. ಹಾಗಾಗಿ ನಮ್ಮ ಪ್ರಶ್ನೆಗೆ ಅಲ್ಲಿ ಉತ್ತರವೇ ಇಲ್ಲ. 1907ರಲ್ಲಿ ಲಂಡನ್ನಿನಲ್ಲಿ ಕ್ಯಾರವಾನ್ ಕ್ಲಬ್ ಶುರುವಾದಾಗ ಇದೇ ಸ್ಟೇಬಲ್ಸ್ ಅದರ ಉಪಾಧ್ಯಕ್ಷರಾದರು. ಆ ಕಾಲಕ್ಕೆ ಗಾಡಿಮನೆಯಲ್ಲಿ ತಿರುಗುವುದು ಬಿಡುವೂ ಹಣವೂ ಇದ್ದವರ ಕೆಲಸ.

ಸಂಸಾರವನ್ನು ನಡುಮಧ್ಯಕ್ಕೆ ತಂದ ಕಥೆ ಬೇಕಾದರೆ ಜರ್ಮನಿಗೆ ಹೋಗಬೇಕು. ದಕ್ಷಿಣ ಜರ್ಮನಿಯ ಇಸ್ನಿ ಎಂಬ ಊರಿನಲ್ಲಿ ಆರಿಸ್ಟ್ ಡೆಟ್‌ಲೆಫ್ಸ್ ಎಂಬಾತನ ಮನೆತನದ ವ್ಯಾಪಾರ ಚಾಟಿ ಮತ್ತು ಸ್ಕೀ ಕೋಲುಗಳದ್ದು. ಮಾಲು ಮಾರಲು ವಾರಗಟ್ಟಲೆ ಊರೂರು ತಿರುಗಬೇಕು. ಮದುವೆ ಗೊತ್ತಾಗಿದ್ದ ಹುಡುಗಿ ಫ್ರಿಡೆಲ್ ಚಿತ್ರಕಲಾವಿದೆ. ನೀನು ತಿರುಗುತ್ತಲೇ ಇದ್ದರೆ ನಾನು ಒಬ್ಬಳೇ ಮನೆಯಲ್ಲಿ ಕೂರಬೇಕೇ ಅನ್ನುವುದು ಅವಳ ಚಿಂತೆ. ಇಬ್ಬರೂ ಜೊತೆಗೇ ಹೋಗುವ ಹಾಗೆ, ಹೋದಲ್ಲೇ ಅವಳು ಚಿತ್ರ ಬರೆಯುವ ಹಾಗೆ, ಕಾರಿನ ಹಿಂದೆ ಕಟ್ಟಿ ಎಳೆಯುವ ಒಂದು ಪುಟ್ಟ ಮನೆಯನ್ನು ಆತ 1931ರಲ್ಲಿ ಕಟ್ಟಿದ. ಅದಕ್ಕೆ ಇಟ್ಟ ಹೆಸರು ‘ವೋನ್‌ಆಟೋ’, ಅಂದರೆ ವಾಸದ ಗಾಡಿ. ಜರ್ಮನಿಯ ಮೊದಲ ಕ್ಯಾರವಾನ್ ಅಂತ ಲೆಕ್ಕ ಹಾಕುವುದು ಇದನ್ನೇ. ಊರೂರು ತಿರುಗುವ ನೌಕರಿಯವರ ಹೆಂಡಂದಿರ ಕಷ್ಟ ಗೊತ್ತಿರುವ ನಮಗೆ, ಬ್ಯಾಂಕಿನ ವರ್ಗಾವಣೆಯ ಸಂಸಾರಗಳಿಗೆ, ಈ ಕಥೆ ಚೆನ್ನಾಗಿ ಅರ್ಥವಾಗುತ್ತದೆ ಬಿಡಿ.

ಇಲ್ಲಿಂದ ಮುಂದೆ ಯುದ್ಧ. ಯುದ್ಧ ಮುಗಿದ ಮೇಲೆ ಕಥೆ ಮತ್ತೆ ಜರ್ಮನಿಯಲ್ಲೇ ಮುಂದುವರಿಯುತ್ತದೆ. 1947ರ ಏಪ್ರಿಲ್‌ನಲ್ಲಿ ಬೆನ್ ಪಾನ್ ಎಂಬ ಡಚ್ ವ್ಯಾಪಾರಿ ಫೋಕ್ಸ್‌ವ್ಯಾಗನ್ ಕಾರಿನ ಅಡಿಗಟ್ಟಿನ ಮೇಲೆ ಒಂದು ಡಬ್ಬಿ ಕೂರಿಸಿದರೆ ಹೇಗೆ ಅಂತ ತನ್ನ ಟಿಪ್ಪಣಿ ಪುಸ್ತಕದಲ್ಲಿ ಗೀಚಿದ. ಆ ಗೀಚು 1950ರ ಮಾರ್ಚ್‌ನಲ್ಲಿ ವ್ಯಾನ್ ಆಗಿ ಕಾರ್ಖಾನೆಯಿಂದ ಹೊರಬಂತು. ಎಂಜಿನ್ ಹಿಂದೆ, ಚಾಲಕ ಮುಂದಿನ ಚಕ್ರದ ಮೇಲೆಯೇ, ನಡುವೆ ಪೂರ್ತಿ ಖಾಲಿ ಜಾಗ. ಮರುವರ್ಷವೇ, ಅಂದರೆ 1951ರಲ್ಲಿ, ವೆಸ್ಟ್‌ಫಾಲಿಯಾ ಎಂಬ ಹಳೆಯ ಗಾಡಿ ತಯಾರಕರು ಆ ಖಾಲಿ ಜಾಗಕ್ಕೆ ‘ಕ್ಯಾಂಪಿಂಗ್ ಬಾಕ್ಸ್’ ಎಂಬ ಪೀಠೋಪಕರಣ ಮಾಡಿದರು. ವಾರವೆಲ್ಲ ಅಂಗಡಿಯ ಸಾಮಾನು ಸಾಗಿಸುವ ವ್ಯಾನು, ಶನಿವಾರ ಪೆಟ್ಟಿಗೆ ಒಳಗಿಟ್ಟರೆ ಮನೆ, ಸೋಮವಾರ ಪೆಟ್ಟಿಗೆ ಇಳಿಸಿದರೆ ಮತ್ತೆ ವ್ಯಾನು. ಒಂದೇ ಆಸ್ತಿಗೆ ಎರಡು ಉಪಯೋಗ! ಬಿ.ಕಾಂ. ಓದಿದವನಿಗೆ ಇದಕ್ಕಿಂತ ಸುಂದರ ಕಲ್ಪನೆ ಬೇರೆ ಕಾಣುವುದಿಲ್ಲ.

ಆದರೆ ಪೆಟ್ಟಿಗೆ ಬಿಚ್ಚಿ ಹಾಸಿಗೆ ಮಾಡಿದರೆ ನಡುಭಾಗವೆಲ್ಲ ತಂದೆ ತಾಯಿಗೇ ಮುಗಿಯಿತು. ಕೆಳಗೆ ತುರುಕೋಣ ಅಂದರೆ ಅಲ್ಲಿ ಸಾಮಾನಿನ ಖಾನೆಗಳು. ಮತ್ತೆ ಉಳಿದ ಜಾಗ ಯಾವುದು? ಚಾಲಕನ ಸೀಟು! ರಾತ್ರಿ ಗಾಡಿ ನಿಂತಿರುತ್ತದೆ, ಸ್ಟಿಯರಿಂಗ್ ಮುಂದಿನ ಜಾಗ ಯಾರಿಗೂ ಬೇಡ. ಎರಡು ಕಂಬಿಗಳ ನಡುವೆ ಗಟ್ಟಿ ಕ್ಯಾನ್ವಾಸ್ ಬಟ್ಟೆ ಹೊಲಿದು, ಕಂಬಿಗಳ ತುದಿಯನ್ನು ಎರಡೂ ಬಾಗಿಲ ಪಕ್ಕದ ಕೊಂಡಿಗಳಿಗೆ ಸಿಗಿಸಿದರೆ ಸೀಟಿನ ಬೆನ್ನಿನಿಂದ ಸ್ಟಿಯರಿಂಗ್‌ವರೆಗೆ ಅಡ್ಡಲಾಗಿ ಒಂದು ಜೋಲಿ ಸಿದ್ಧ. ಬೆಳಿಗ್ಗೆ ಬಿಚ್ಚಿ ಸುತ್ತಿಟ್ಟರೆ ಛತ್ರಿಯಷ್ಟು ಜಾಗ ಸಾಕು. ನಮ್ಮ ಅಜ್ಜಿಯರು ತೊಲೆಗೆ ಸೀರೆ ಕಟ್ಟಿ ಮಾಡುತ್ತಿದ್ದ ಜೋಲಿಯ ಜರ್ಮನ್ ತಮ್ಮ ಅನ್ನಿ. ಗಾಡಿಯ ಅಗಲವೇ ಈ ಹಾಸಿಗೆಯ ಉದ್ದ. ಆದ್ದರಿಂದ ಐದಾರು ವರ್ಷದವರೆಗಿನ ಮಗುವಿಗೆ ಸರಿಹೋಗುತ್ತಿತ್ತು, ಆಮೇಲೆ ಕಾಲು ಮಡಿಸಬೇಕು. ಇಂಥ ಜೋಲಿಗಳು ಇವತ್ತಿಗೂ ಮಾರಾಟಕ್ಕಿವೆ.

ಒಂದು ತೊಂದರೆ ಇತ್ತು. ಮೂರು ಕಡೆ ಬರೀ ಗಾಜು. ಗಾಜು ಬೇಗ ತಣ್ಣಗಾಗುತ್ತದೆ, ಒಳಗೆ ಮಲಗಿದವರ ಉಸಿರೆಲ್ಲ ನೀರಾಗಿ ಅದಕ್ಕೆ ಅಂಟಿ ಹನಿಯುತ್ತದೆ. ಗಾಡಿಯಲ್ಲೇ ಅತ್ಯಂತ ಚಳಿಯ ಜಾಗ, ಗಾಡಿಯಲ್ಲಿರುವ ಅತಿ ಚಿಕ್ಕ ಮೈಗೆ. ಗಾಜಿಗೆ ದಪ್ಪ ಪರದೆ ಕಟ್ಟುವ ರೂಢಿ ಬರೀ ಮಾನ ಮುಚ್ಚುವುದಕ್ಕಲ್ಲ, ಅದರ ಹಿಂದೆ ಈ ಲೆಕ್ಕವೂ ಇದೆ.

ಇನ್ನು ಇಂಗ್ಲೆಂಡಿನ ಕಡೆ ನೋಡಿ. ಅಲ್ಲಿ ಕ್ಯಾಂಪರ್‌ವ್ಯಾನ್ ಬೆಳೆದದ್ದಕ್ಕೆ ಪ್ರಕೃತಿ ಪ್ರೇಮದ ಜೊತೆಗೆ ತೆರಿಗೆಯೂ ಕಾರಣ! 1940ರಲ್ಲಿ ಯುದ್ಧದ ಖರ್ಚಿಗೆಂದು ತಂದ ‘ಪರ್ಚೇಸ್ ಟ್ಯಾಕ್ಸ್’ ಯುದ್ಧ ಮುಗಿದ ಮೇಲೂ ಹೋಗಲಿಲ್ಲ. ತೆರಿಗೆಗಳ ಸ್ವಭಾವವೇ ಹಾಗೆ. 1955ರ ಅಕ್ಟೋಬರ್‌ನಲ್ಲಿ ಕಾರುಗಳ ಮೇಲೆ ಅದು ಸಗಟು ಬೆಲೆಯ ಶೇ. 60ಕ್ಕೆ ಏರಿತು. ಆದರೆ ಸರಕು ಸಾಗಿಸುವ ವ್ಯಾನಿಗೆ ಆ ಹೊರೆ ಇರಲಿಲ್ಲ. ವ್ಯಾನಿಗೆ ಹಿಂದೆ ಕಿಟಕಿ, ಸೀಟು ಇಟ್ಟರೆ ಕಾರು ಅಂತ ತೆರಿಗೆ ಬೀಳುತ್ತಿತ್ತು. ಅದೇ ವ್ಯಾನಿನಲ್ಲಿ ಮಲಗುವ, ಅಡುಗೆ ಮಾಡುವ ಸೌಕರ್ಯವನ್ನು ಕಾಯಂ ಆಗಿ ಕೂರಿಸಿದರೆ ಅದು ಮನೆಗಾಡಿ, ತೆರಿಗೆ ಇಲ್ಲ. ಸಾಧಾರಣ ಸಂಬಳದ ಮನುಷ್ಯ ಏನು ಮಾಡುತ್ತಾನೆ? ಹಾಸಿಗೆ ಇರುವ ಗಾಡಿಯನ್ನೇ ಕೊಂಡು, ವಾರವೆಲ್ಲ ಕೆಲಸಕ್ಕೂ ಅದರಲ್ಲೇ ಹೋಗಿ, ರಜೆಯಲ್ಲಿ ಮಕ್ಕಳನ್ನು ಸಮುದ್ರ ತೀರಕ್ಕೆ ಕರೆದೊಯ್ಯುತ್ತಾನೆ. ಪರ್ಚೇಸ್ ಟ್ಯಾಕ್ಸ್ ಕೊನೆಗೆ ಹೋಗಿ ವ್ಯಾಟ್ ಬಂದದ್ದು 1973ರ ಏಪ್ರಿಲ್ 1ರಂದು. ಅಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ವ್ಯಾನಿನಲ್ಲಿ ಮಲಗಿ ಬೆಳೆದಾಗಿತ್ತು.

ಈ ವ್ಯಾನುಗಳಲ್ಲಿ ಹೆಸರು ಮಾಡಿದ್ದು ಫೋಕ್‌ಸ್ಟನ್ ಎಂಬ ಕಡಲೂರಿನ ಮಾರ್ಟಿನ್ ವಾಲ್ಟರ್ ಕಂಪನಿಯ ‘ಡಾರ್ಮೊಬೈಲ್’. ಬೆಡ್‌ಫರ್ಡ್ ವ್ಯಾನಿನ ಸೀಟುಗಳನ್ನೇ ಮಡಿಸಿ ಹಾಸಿಗೆ ಮಾಡುವುದರಿಂದ ಶುರುವಾದ ಇವರು ಮುಂದೆ ಒಂದು ಹೊಸ ಉಪಾಯ ಹುಡುಕಿದರು. ವ್ಯಾನಿನ ಚಾವಣಿಯನ್ನು ಒಂದು ಪಕ್ಕಕ್ಕೆ ಕೀಲು ಹಾಕಿ, ಪೆಟ್ಟಿಗೆಯ ಮುಚ್ಚಳದ ಹಾಗೆ ಮೇಲೆತ್ತುವುದು. ಎತ್ತಿದಾಗ ಪಟ್ಟೆಪಟ್ಟೆ ಬಟ್ಟೆಯ ಡೇರೆ ಮೇಲೇಳುತ್ತಿತ್ತು. ದೊಡ್ಡವರಿಗೆ ತಲೆ ಎತ್ತಿ ನಿಲ್ಲುವ ಜಾಗ ಸಿಕ್ಕಿತು. ಅಷ್ಟೇ ಅಲ್ಲ, ಆ ಎತ್ತರದಲ್ಲಿ ಎರಡೂ ಪಕ್ಕ ಆಸ್ಪತ್ರೆಯ ಸ್ಟ್ರೆಚರಿನಂಥ ಎರಡು ಕ್ಯಾನ್ವಾಸ್ ಹಾಸಿಗೆ ಕಟ್ಟಬಹುದಿತ್ತು. ಈಗ ಮಗು ಮಂಚದಡಿಯಿಂದ, ಸ್ಟಿಯರಿಂಗ್ ಮುಂದಿನಿಂದ ಚಾವಣಿಗೆ ಏರಿತು! ಈ ಗಾಡಿ ಎಷ್ಟು ಜನಪ್ರಿಯವಾಯಿತೆಂದರೆ ವನಸ್ಪತಿಗೆಲ್ಲ ಡಾಲ್ಡಾ ಅನ್ನುವ ಹಾಗೆ ಅಲ್ಲಿ ಯಾವ ಕಂಪನಿಯ ಮನೆಗಾಡಿಗಾದರೂ ಡಾರ್ಮೊಬೈಲ್ ಅನ್ನತೊಡಗಿದರು.

ಆಮೇಲೆ ಇನ್ನೂ ದೊಡ್ಡ ಗಾಡಿಗಳು ಬಂದವು. ಚಾಲಕನ ತಲೆಯ ಮೇಲೆ ಹಣೆಯಂತೆ ಮುಂದಕ್ಕೆ ಚಾಚಿದ ಗೂಡು, ಅದರೊಳಗೆ ಹಾಸಿಗೆ. ಇಂಗ್ಲಿಷರು ಇದಕ್ಕೆ ಲ್ಯೂಟನ್ ಎಂಬ ಊರಿನ ಹೆಸರಿಟ್ಟರು. ಜರ್ಮನ್ನರು ‘ಆಲ್ಕೋವನ್’ ಅಂದರು. ಆ ಪದದ ಮೂಲ ಅರಬ್ಬೀ ಭಾಷೆಯ ‘ಅಲ್ ಕುಬ್ಬ’, ಅಂದರೆ ಗುಮ್ಮಟ. ಏಣಿ ಹತ್ತಿ ಹೋಗುವ ಆ ಗುಮ್ಮಟ ಅಂದರೆ ಮಕ್ಕಳಿಗೆ ಪ್ರಾಣ. ಮುಂಬಯಿಯ ಖೋಲಿಗಳ ಮಾಳಾ ನೋಡಿದವರಿಗೆ ಇದನ್ನೂ ವಿವರಿಸಬೇಕಾಗಿಲ್ಲ.

ನಡುವೆ ಒಂದು ಮಾತು. ಇಂಥ ವ್ಯಾನುಗಳನ್ನು ನಮ್ಮ ದೇಶವೂ ಕಂಡಿದೆ. 1960-70ರ ದಶಕಗಳಲ್ಲಿ ಯುರೋಪಿನಿಂದ ಇಸ್ತಾಂಬುಲ್, ತೆಹರಾನ್, ಕಾಬೂಲ್, ಲಾಹೋರ್ ದಾಟಿ ದೆಹಲಿಗೆ, ಅಲ್ಲಿಂದ ಗೋವೆಗೆ ಹಿಪ್ಪಿಗಳ ದಂಡೇ ಬರುತ್ತಿತ್ತಲ್ಲ. ಬಸ್ಸಿನಲ್ಲಿ ಬಂದವರು ಹಲವರು, ಹಳೆಯ ಫೋಕ್ಸ್‌ವ್ಯಾಗನ್ ವ್ಯಾನುಗಳಲ್ಲಿ ಬಂದವರೂ ಹಲವರು. 1979ರಲ್ಲಿ ಇರಾನಿನಲ್ಲಿ ಕ್ರಾಂತಿ, ಅದೇ ವರ್ಷದ ಕೊನೆಗೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ. ಆ ದಾರಿ ಅಲ್ಲಿಗೆ ಮುಚ್ಚಿತು.

ಇಲ್ಲಿಯವರೆಗಿನ ಕಥೆ ಕೇಳಿದರೆ ಮಗುವಿನ ಸಮಸ್ಯೆ ಬಗೆಹರಿದಂತೆ ಕಾಣುತ್ತದೆ. ರಾತ್ರಿ ಮಲಗಲು ಜಾಗ ಸಿಕ್ಕಿತಲ್ಲ! ಆದರೆ ಹಗಲು? ಗಾಡಿ ಓಡುವಾಗ? ಆ ಕಾಲದ ಯಾವ ಸಂಸಾರವೂ ಅದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಂಡಿರಲಿಲ್ಲ. ಅಪ್ಪ ಗಾಡಿ ಹೊಡೆಯುತ್ತಾನೆ, ಅಮ್ಮ ಪಕ್ಕದಲ್ಲಿ ನಕ್ಷೆ ಹಿಡಿದಿರುತ್ತಾಳೆ, ಮಕ್ಕಳು ಹಿಂದಿನ ಹಾಸಿಗೆಯ ಮೇಲೆ ಉರುಳಾಡುತ್ತಾ, ನಿದ್ದೆ ಬಂದರೆ ಅಲ್ಲೇ ಮಲಗುತ್ತಾ ಹೋಗುವುದು. ಹಾಸಿಗೆ ಇದೆಯಲ್ಲ, ಮತ್ತೇನು ಬೇಕು? ಕುದುರೆ ಎಳೆಯುವ ವಾರ್ಡೋದಲ್ಲಿ ಇದು ನಡೆಯುತ್ತಿತ್ತು. ನಮ್ಮ ಚಕ್ಕಡಿಯಲ್ಲೂ ನಡೆಯುತ್ತಿತ್ತು. ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋಗುವಾಗ ಚಕ್ಕಡಿಯಲ್ಲಿ ಹುಲ್ಲು ಹರಡಿ, ಜಮಖಾನ ಹಾಸಿ, ಅದರ ಮೇಲೆ ಕೌದಿ ಹೊದ್ದು ಅವ್ವ ಮತ್ತು ಆಯಿ ನಡುವೆ ಮಲಗಿದ ನೆನಪು ನಮ್ಮ ವಯಸ್ಸಿನ ಎಷ್ಟೋ ಜನಕ್ಕೆ ಇದೆ. ಎತ್ತು ನಡೆಯುವುದು ಗಂಟೆಗೆ ಮೂರ್ನಾಲ್ಕು ಕಿಲೋಮೀಟರು. ಬಂಡಿ ಕಲ್ಲು ಹತ್ತಿ ಕುಲುಕಿದರೆ ಹೆಚ್ಚೆಂದರೆ ನಿದ್ದೆ ಕೆಡುತ್ತಿತ್ತು.

ಎಂಜಿನ್ ಬಂದ ಮೇಲೆ ಲೆಕ್ಕ ಬದಲಾಯಿತು, ರೂಢಿ ಬದಲಾಗಲಿಲ್ಲ. ಕಾಗದ ಪೆನ್ನು ಹಿಡಿದು ನೀವೇ ಲೆಕ್ಕ ಹಾಕಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಥಟ್ಟನೆ ಢಿಕ್ಕಿ ಹೊಡೆದು ನಿಂತರೆ ಒಳಗೆ ಕಟ್ಟಿಹಾಕದ ವಸ್ತುವೆಲ್ಲ ಅದೇ ವೇಗದಲ್ಲಿ ಮುಂದಕ್ಕೆ ಹಾರುತ್ತದೆ. ಆ ಹೊಡೆತ ಸುಮಾರು 10 ಮೀಟರ್ ಎತ್ತರದಿಂದ ಬಿದ್ದಷ್ಟು. ಅಂದರೆ ಮೂರನೇ ಮಹಡಿಯ ಬಾಲ್ಕನಿಯಿಂದ. ಮೂರನೇ ಮಹಡಿಯ ಬಾಲ್ಕನಿಗೆ ಸರಳು ಹಾಕಿಸದೆ ಯಾವ ತಾಯಿಯಾದರೂ ಮಗುವನ್ನು ಅಲ್ಲಿ ಆಡಲು ಬಿಡುತ್ತಾಳೆಯೇ?

ಇದನ್ನು ಮೊದಲು ಗಂಭೀರವಾಗಿ ತೆಗೆದುಕೊಂಡವರು ಸ್ವೀಡನ್ನಿನವರು. ಬರ್ಟಿಲ್ ಆಲ್ಡ್‌ಮನ್ ಎಂಬ ಪ್ರಾಧ್ಯಾಪಕರು ಅಮೆರಿಕದ ಗಗನಯಾತ್ರಿಗಳು ರಾಕೆಟ್ಟಿನಲ್ಲಿ ಬೆನ್ನಿನ ಮೇಲೆ ಒರಗಿ ಕೂರುವ ರೀತಿ ನೋಡಿ, ಮಗುವನ್ನೂ ಹಾಗೇ ಬೆನ್ನು ಮುಂದೆ ಮಾಡಿ ಕೂರಿಸಿದರೆ ಹೊಡೆತ ಇಡೀ ಬೆನ್ನಿಗೆ ಹಂಚಿಹೋಗುತ್ತದೆ ಅಂತ ಯೋಚಿಸಿದರು. 1964ರಲ್ಲಿ ಅಂಥ ಸೀಟಿನ ಮೊದಲ ಮಾದರಿಯನ್ನು ವೋಲ್ವೋ ಕಾರಿನಲ್ಲಿಟ್ಟು ಪರೀಕ್ಷಿಸಿದರು. ಆದರೆ ಕಾನೂನು ಬರುವುದಕ್ಕೆ ಇನ್ನೂ ಒಂದು ತಲೆಮಾರು ಕಳೆಯಬೇಕಾಯಿತು. ಬ್ರಿಟನ್ನಿನಲ್ಲಿ ಮುಂದಿನ ಸೀಟಿನವರಿಗೆ ಬೆಲ್ಟ್ ಕಡ್ಡಾಯವಾದದ್ದು 1983ರಲ್ಲಿ. ಹಿಂದೆ ಕೂರುವ ಮಕ್ಕಳಿಗೆ 1989ರಲ್ಲಿ, ಹಿಂದಿನ ದೊಡ್ಡವರಿಗೆ 1991ರಲ್ಲಿ. ಜರ್ಮನಿಯಲ್ಲಿ ಮಕ್ಕಳಿಗೆ ತಕ್ಕ ಸೀಟು ಕಡ್ಡಾಯವಾದದ್ದು 1993ರಲ್ಲಿ. 2006ರ ಸೆಪ್ಟೆಂಬರಿನಿಂದ ಬ್ರಿಟನ್ನಿನಲ್ಲಿ ಹನ್ನೆರಡು ವರ್ಷ ಅಥವಾ 135 ಸೆಂಟಿಮೀಟರ್ ಎತ್ತರ, ಯಾವುದು ಮೊದಲೋ ಅಲ್ಲಿಯವರೆಗೆ ಮಗುವಿಗೆ ತಕ್ಕ ಸೀಟು ಬೇಕು ಅನ್ನುವ ನಿಯಮ ಬಂತು.

ಇಲ್ಲಿಗೆ ನಾನು ಮೊದಲು ಹೇಳಿದ ಎರಡು ಕಾಲಂಗಳು ಬೇರೆಯಾದವು ನೋಡಿ! ‘ನಾಲ್ಕು ಜನ ಮಲಗಬಹುದು’ ಅಂತ ಬರೆದ ಹಳೆಯ ಗಾಡಿಯಲ್ಲಿ ಬೆಲ್ಟ್ ಇರುವ ಸೀಟು ಎರಡೇ ಇರಬಹುದು. ಹಿಂದೆ ಪಕ್ಕಕ್ಕೆ ಮುಖ ಮಾಡಿದ ಬೆಂಚು ಇದ್ದರೆ ಅದರ ಮೇಲೆ ಮಗುವಿನ ಸೀಟು ಕಟ್ಟುವ ಹಾಗಿಲ್ಲ. ಮುಂದಕ್ಕೆ ಮುಖ ಮಾಡಿದ ಸೀಟೇ ಬೇಕು. ಮಲಗಲು ನಾಲ್ಕು, ಹೋಗಲು ಎರಡು. ಉಳಿದಿಬ್ಬರು ಊರು ಸೇರುವುದು ಹೇಗೆ?

ಕಳೆದ ವರ್ಷ ನನ್ನ ತಂಗಿಯ ಮಗಳು ಇಂಗ್ಲೆಂಡಿನಿಂದ ಫೋನ್ ಮಾಡಿದ್ದಳು. ಗಂಡ, ಎರಡು ವರ್ಷದ ಮಗಳ ಜೊತೆ ವೇಲ್ಸ್ ಕಡೆ ಹೊರಟಿದ್ದರು. “ಮಾಮಾ, ಹಳೇ ಮಾಡೆಲ್ ವ್ಯಾನ್ ಸಿಕ್ಕೇತಿ, ಭಾಳ ಚೆಂದ ಐತಿ, ನಾಲ್ಕು ಬರ್ತ್” ಅಂದಳು. “ಬರ್ತ್ ಇರಲಿ, ಬೆಲ್ಟ್ ಎಷ್ಟವ?” ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ವಿಚಾರಿಸಿದರೆ ಹಿಂದಿನ ಸೀಟಿಗೆ ಬೆಲ್ಟೇ ಇರಲಿಲ್ಲ. ಬೇರೆ ವ್ಯಾನು ಹಿಡಿದರು. ಅದು ಚೆಂದ ಸ್ವಲ್ಪ ಕಡಿಮೆ, ಬಾಡಿಗೆ ಸ್ವಲ್ಪ ಜಾಸ್ತಿ. ಇರಲಿ.

ಮಲಗುವ ಕಾಲಂ ಕೂಡ ಈ ವರ್ಷಗಳಲ್ಲಿ ಸುಮ್ಮನೆ ಕೂತಿರಲಿಲ್ಲ. ಅದಕ್ಕೂ ಮೂರು ಪಾಠ ಸೇರಿದವು.

ಮೊದಲನೆಯದು ಬೀಳುವುದು. ಅಮೆರಿಕದಲ್ಲಿ ಮನೆಯ ಅಟ್ಟದ ಮಂಚಗಳಿಗೆ 2000ನೇ ಇಸವಿಯಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ ಆರು ವರ್ಷದೊಳಗಿನ ಮಗುವನ್ನು ಮೇಲಿನ ಹಾಸಿಗೆಯಲ್ಲಿ ಮಲಗಿಸಬೇಡಿ ಅಂತ ಮಂಚದ ಮೇಲೆಯೇ ಬರೆದಿರಬೇಕು. ಯುರೋಪಿನ ಮಾನದಂಡವೂ ಇದೇ ವಯಸ್ಸನ್ನು ಹೇಳುತ್ತದೆ. ಬೀಳುವುದೊಂದೇ ಅಲ್ಲ, ಅಡ್ಡಪಟ್ಟಿ ಮತ್ತು ಹಾಸಿಗೆಯ ಸಂದಿಯಲ್ಲಿ ಮೈ ಜಾರಿ ತಲೆ ಸಿಕ್ಕಿಕೊಳ್ಳುವ ಅಪಾಯವೂ ಉಂಟು. ಇದು ಮನೆಯ ಮಂಚದ ಮಾತಾದರೂ ವ್ಯಾನಿನ ಗುಮ್ಮಟಕ್ಕೆ ಬೇರೆ ನ್ಯಾಯವೇನಿಲ್ಲ. ಮಕ್ಕಳಿಗೆ ಪ್ರಾಣವಾದ ಆ ಜಾಗ ನಿಜಕ್ಕೂ ಸೇರಬೇಕಾದ್ದು ಶಾಲೆಗೆ ಹೋಗುವ ಅಣ್ಣನಿಗೆ, ತೊದಲು ನುಡಿಯುವ ತಂಗಿಗಲ್ಲ.

ಎರಡನೆಯದು ಹಸುಗೂಸಿನ ಉಸಿರು. 1991ರ ಕೊನೆಗೆ ಬ್ರಿಟನ್ನಿನಲ್ಲಿ ಒಂದು ಪ್ರಚಾರ ನಡೆಯಿತು. ಆನ್ ಡೈಮಂಡ್ ಎಂಬ ಟಿವಿ ನಿರೂಪಕಿ ಅದೇ ವರ್ಷ ತನ್ನ ಹಸುಗೂಸನ್ನು ನಿದ್ದೆಯಲ್ಲೇ ಕಳೆದುಕೊಂಡಿದ್ದರು. ಮಗುವನ್ನು ಹೊಟ್ಟೆಯ ಮೇಲಲ್ಲ, ಬೆನ್ನಿನ ಮೇಲೆ ಮಲಗಿಸಿ ಅನ್ನುವ ಒಂದೇ ಮಾತನ್ನು ಮನೆಮನೆಗೆ ಮುಟ್ಟಿಸಲು ಆಕೆ ಓಡಾಡಿದರು. ಕೆಲವೇ ವರ್ಷಗಳಲ್ಲಿ ಅಂಥ ಸಾವುಗಳು ಅರ್ಧಕ್ಕಿಂತ ಕೆಳಗಿಳಿದವು. ಬೆನ್ನಿನ ಮೇಲೆ, ಗಟ್ಟಿಯಾದ ಸಮತಟ್ಟು ಹಾಸಿಗೆ, ಮುಖಕ್ಕೆ ಮುಚ್ಚಿಕೊಳ್ಳುವ ದಿಂಬು ದುಪ್ಪಟಿ ಬೇಡ, ಇಷ್ಟೇ ಪಾಠ. ಈ ಪಾಠದ ಕಣ್ಣಿನಿಂದ ನೋಡಿದರೆ ಮೂರು ಫೋಮ್ ತುಂಡು ಜೋಡಿಸಿ ಮಾಡಿದ ವ್ಯಾನಿನ ಹಾಸಿಗೆ, ಅದರ ನಡುವಿನ ಸಂದಿ, ಕುಳಿ ಬೀಳುವ ಕ್ಯಾನ್ವಾಸ್ ಜೋಲಿ ಯಾವುದೂ ಹಸುಗೂಸಿಗೆ ಹೇಳಿದ್ದಲ್ಲ. ಕಾರಿನ ಸೀಟಿನಲ್ಲಿ ನಿದ್ದೆ ಹೋದ ಕೂಸನ್ನೂ ಊರು ಮುಟ್ಟಿದ ಮೇಲೆ ಹಾಗೇ ಬಿಡದೆ ಎತ್ತಿ ಸಮತಟ್ಟು ಜಾಗಕ್ಕೆ ಹಾಕಬೇಕು. ಅದಕ್ಕೇ ಈಗ ಬುದ್ಧಿವಂತ ಸಂಸಾರಗಳು ಮಡಿಸುವ ತೊಟ್ಟಿಲೊಂದನ್ನು ಜೊತೆಗೇ ಒಯ್ದು ಅದನ್ನು ಇಡಲು ನೆಲದ ಮೇಲೆ ಜಾಗ ಇದೆಯೇ ಅಂತ ಮೊದಲೇ ಅಳೆದು ನೋಡುತ್ತವೆ.

ಮೂರನೆಯದು ಕಣ್ಣಿಗೆ ಕಾಣದ್ದು. ಚಳಿ ಅಂತ ಬಾಗಿಲು ಕಿಟಕಿ ಮುಚ್ಚಿ ಒಳಗೆ ಇದ್ದಿಲ ಒಲೆ ತಂದಿಟ್ಟರೆ ಕಾರ್ಬನ್ ಮೋನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆರುತ್ತಾ ಬಂದ ಕೆಂಡವೂ ಅದನ್ನು ಬಿಡುತ್ತಲೇ ಇರುತ್ತದೆ. ಇಂಥ ಸಾವುಗಳ ಸುದ್ದಿ ಡೇರೆಗಳಿಂದಲೂ ಗಾಡಿಗಳಿಂದಲೂ ಬರುತ್ತಲೇ ಇದೆ. ಒಂದು ಅಲಾರಂ, ಗಾಳಿಗೆ ಒಂದು ಕಿಂಡಿ, ಒಳಗೆ ಇದ್ದಿಲು ಬೇಡ, ಇಷ್ಟಕ್ಕೆ ದೊಡ್ಡ ಖರ್ಚೇನಿಲ್ಲ.

ಒಟ್ಟು ಹಾಕಿ ನೋಡಿ. ಮಂಚದ ಕೆಳಗೆ, ಸ್ಟಿಯರಿಂಗ್ ಮುಂದೆ, ಚಾವಣಿಯ ಮೇಲೆ. ನೂರು ವರ್ಷ ಎಲ್ಲ ಕುಶಲಿಗಳೂ ಕೇಳಿದ್ದು ಒಂದೇ ಪ್ರಶ್ನೆ: ನಮ್ಮದೆಲ್ಲ ಆದ ಮೇಲೆ ಮಗುವಿಗೆ ಎಲ್ಲಿ ಜಾಗ ಉಳಿಯುತ್ತದೆ? ಅವರಲ್ಲಿ ಪ್ರೀತಿ ಕಡಿಮೆ ಇತ್ತು ಅಂತಲ್ಲ. ಮಕ್ಕಳನ್ನು ಬಿಟ್ಟು ಹೋಗಲು ಮನಸ್ಸಿಲ್ಲದ್ದಕ್ಕೇ ತಾನೇ ಇಷ್ಟೆಲ್ಲ ಜೋಲಿ ಕಟ್ಟಿದ್ದು! ಆದರೆ ಪ್ರೀತಿ ಬೇರೆ, ಲೆಕ್ಕ ಬೇರೆ. ಪ್ರಶ್ನೆ ತಿರುಗಿದಾಗ ಮಾತ್ರ ಉತ್ತರವೂ ತಿರುಗಿತು. ಈ ಮಗುವಿನ ಮೈಗೆ ಓಡುವಾಗ ಏನು ಬೇಕು, ನಿಂತಾಗ ಏನು ಬೇಕು ಅಂತ ಮೊದಲು ಕೇಳಿ, ಆಮೇಲೆ ಗಾಡಿ ಆರಿಸುವುದು.

ಇದು ಅವರ ದೇಶದ ಕಥೆ ಅಂತ ನಾವು ನಿಟ್ಟುಸಿರು ಬಿಡುವ ಹಾಗಿಲ್ಲ. ನಮ್ಮ ರೈಲಿನಲ್ಲಿ ಐದು ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಡ. ಟಿಕೆಟ್ ಇಲ್ಲದ್ದಕ್ಕೆ ಬರ್ತ್ ಇಲ್ಲ. ಸಂತೋಷದಿಂದಲೇ ಒಪ್ಪಿಕೊಂಡಿದ್ದೇವೆ, ದುಡ್ಡು ಉಳಿಯಿತಲ್ಲ! 2022ರ ಮೇ ತಿಂಗಳಲ್ಲಿ ಉತ್ತರ ರೈಲ್ವೆಯವರು ಲಖನೌ ಮೇಲ್‌ನ ಒಂದು ಬೋಗಿಯಲ್ಲಿ ಎರಡು ಕೆಳ ಬರ್ತ್‌ಗಳ ಪಕ್ಕಕ್ಕೆ ಮಗುವಿಗೆಂದೇ ಮಡಿಸುವ ಪುಟ್ಟ ಬರ್ತ್ ಕೂರಿಸಿ ಪ್ರಯೋಗ ಮಾಡಿ ನೋಡಿದರು. ಇಷ್ಟು ದೊಡ್ಡ ರೈಲ್ವೆಯಲ್ಲಿ ಎರಡು ಬರ್ತ್. ಆದರೂ ಯಾರೋ ಒಬ್ಬರು ಕೂತು ಈ ಮಗು ಎಲ್ಲಿ ಮಲಗುತ್ತದೆ ಅಂತ ಕೇಳಿದರಲ್ಲ, ಅದು ದೊಡ್ಡದು.

ರಜೆಗೆ ಊರಿಗೆ ಹೋಗುವಾಗ ಚಾಲುಕ್ಯ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಎದ್ದು ಓಡಾಡಿದರೆ ಪ್ರತಿ ಬೋಗಿಯಲ್ಲೂ ಒಂದು ದೃಶ್ಯ ಕಾಣುತ್ತದೆ. ಎರಡು ಅಡಿ ಅಗಲದ ಬರ್ತಿನಲ್ಲಿ ಮಗು ಗೋಡೆಯ ಕಡೆ ಕೈಕಾಲು ಚಾಚಿ ಮಲಗಿರುತ್ತದೆ. ತಾಯಿ ಅಂಚಿನಲ್ಲಿ ಒಂದು ಮಗ್ಗುಲಾಗಿ, ಅರ್ಧ ಹೊರಗೇ, ಕೈ ಮಗುವಿನ ಮೇಲಿಟ್ಟು ತೂಕಡಿಸುತ್ತಿರುತ್ತಾಳೆ. ಬೋಗಿ ಕುಲುಕಿದಾಗಲೆಲ್ಲ ಆ ಕೈ ಬಿಗಿಯಾಗುತ್ತದೆ. ಟಿಕೆಟ್ಟಿನಲ್ಲಿ ಒಬ್ಬರ ಹೆಸರು, ಬರ್ತಿನಲ್ಲಿ ಇಬ್ಬರು. ಆ ಇಬ್ಬರಲ್ಲಿ ನಿದ್ದೆ ಮಾಡಿದವರು ಒಬ್ಬರೇ.